ತಪ್ಪಿ ಕುಡಿಸಿದ ಗಿಣ್ಣುಹಾಲು

ಇದು ಶುರುವಾದದ್ದು ಚಳಿಗಾಲದ ಕೊನೆಯಲ್ಲಿ, ಎದುರಿಗಿರುವ ಹಸುವೂ ಕಾಣದಷ್ಟು ಮಂಜು ಕವಿದ ಒಂದು ಬೆಳಗಿನ ಜಾವ. ಆಗ ಆ ಹಾಲಿನ ಕೊಟ್ಟಿಗೆಯಲ್ಲಿ ಎದ್ದಿದ್ದವರು ಇಬ್ಬರೇ. ಒಬ್ಬಾಕೆ ಆಗಷ್ಟೇ ಹುಟ್ಟಿದ ಕರುವಿನ ಮೈಯನ್ನು ಗೋಣಿಚೀಲದಿಂದ ಒರೆಸುತ್ತಿದ್ದಳು. ಇನ್ನೊಬ್ಬಾಕೆ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಬಿಸಿನೀರಿನಲ್ಲಿ ಬಾಟಲಿ ತಿಕ್ಕುತ್ತಿದ್ದಳು.

ಮೊದಲನೆಯವಳನ್ನು ಎಲ್ಲರೂ ಗಿಣ್ಣಮ್ಮ ಎನ್ನುತ್ತಾರೆ. ಕರು ಹುಟ್ಟಿದ ಕೂಡಲೇ ತಾಯಿಯ ಮೊದಲ ಹಾಲನ್ನು, ಅಂದರೆ ಗಿಣ್ಣುಹಾಲನ್ನು ಕರೆದು ಅದಕ್ಕೆ ಕುಡಿಸುವುದೇ ಅವಳ ಕೆಲಸ. ಬಾಟಲಿ ತೊಳೆಯುವವಳು ಅವಳ ಓರಗಿತ್ತಿ, ಮೈದುನನ ಹೆಂಡತಿ.

"ಕರು ಬರಿಗೈಲಿ ಹುಟ್ಟುತ್ತೆ. ರೋಗ ತಡೆಯೋ ಶಕ್ತಿ ಅಂತ ಒಂಚೂರೂ ಇರಲ್ಲ. ಈ ಹಳದಿ ಹಾಲು ಹೊಟ್ಟೆಗೆ ಬಿದ್ರೇನೇ ಬರೋದು," ಎನ್ನುತ್ತಾಳೆ ಗಿಣ್ಣಮ್ಮ.

"ಕರುವಿಗೆ ಕೈ ಎಲ್ಲಿದೆ ಅಕ್ಕಾ?" ಎಂದು ನಲ್ಲಿಯ ಕಡೆಯಿಂದ ಓರಗಿತ್ತಿ ಕೇಳುತ್ತಾಳೆ.

"ನೀನು ಸುಮ್ನೆ ತಿಕ್ಕೇ. ಅದೂ ಬೇಗ ಬೀಳ್ಬೇಕು. ಹೊತ್ತು ಮೀರಿದ್ರೆ ಹೊಟ್ಟೆ ತುಂಬುತ್ತೆ, ಮೈಗೆ ಹತ್ತಲ್ಲ."

ಹಾಲನ್ನು ಬೆರಳಿನಿಂದ ಇಳಿಬಿಟ್ಟು ನೋಡುತ್ತಾಳೆ. ಹರಳೆಣ್ಣೆಯ ಹಾಗೆ ತಡೆದು ತಡೆದು ಬಿದ್ದರೆ ಒಳ್ಳೆಯ ಗಿಣ್ಣು. ಅವಳದೊಂದು ಕಟ್ಟುಪಾಡಿದೆ: ಆಯಾ ತಾಯಿಯ ಹಾಲು ಆಯಾ ಕರುವಿಗೇ. ಮದುವೆಯಾಗಿ ಬಂದಾಗ ಅತ್ತೆ ಕಲಿಸಿದ್ದು ಅದನ್ನೇ.

ಆ ಚಳಿಗಾಲದಲ್ಲಿ ಕೊಟ್ಟಿಗೆಯ ಯಜಮಾನರು ದೂರದ ಕೊಟ್ಟಿಗೆಯೊಂದರಿಂದ ತುಂಬುಗಬ್ಬದ ಮೂರು ಹಸುಗಳನ್ನು ತಂದರು. ಮಂಜಿನ ದಿನ ಕರು ಹಾಕಿದ್ದು ಅವುಗಳಲ್ಲಿ ಮೊದಲನೆಯದು. ಗಿಣ್ಣು ಗಟ್ಟಿಯಾಗಿತ್ತು, ಕರು ಹೊಟ್ಟೆ ಬಿರಿಯುವಷ್ಟು ಕುಡಿದಿತ್ತು. ಆದರೂ ವಾರ ತುಂಬುವುದರೊಳಗೆ ಭೇದಿ ಹಿಡಿದು, ಕಣ್ಣು ಗುಳಿಬಿದ್ದು ಸತ್ತುಹೋಯಿತು. ಎರಡನೆಯ ಹಸುವಿನದೂ ಹಾಗೆಯೇ. ಅದೇ ಕೊಟ್ಟಿಗೆಯಲ್ಲಿ ಪಕ್ಕದಲ್ಲೇ ಕಟ್ಟಿದ್ದ ಹಳೆಯ ಹಸುಗಳ ಕರುಗಳು ಮಾತ್ರ ಬಾಲವೆತ್ತಿ ಕುಣಿಯುತ್ತಿದ್ದವು.

"ಹಾಲು ಗಟ್ಟಿ ಇದೆ, ಹೊತ್ತಿಗೆ ಸರಿಯಾಗಿ ಕುಡಿಸಿದ್ದೀಯ. ಇನ್ನುಳಿದಿದ್ದು ಬಾಟಲಿ. ಕೊಳಕು ಕೈ. ಇನ್ನೊಂದು ಕರು ಹೋದ್ರೆ ನಿನ್ನ ಓರಗಿತ್ತಿ ನಾಳೆಯಿಂದ ಬರೋದು ಬೇಡ," ಎಂದರು ಯಜಮಾನರು.

"ಎಲ್ಲಾ ಕರುಗೂ ಅದೇ ಬಾಟಲಿ ಅಲ್ವಾ ಬುದ್ಧಿ?" ಎಂದಳು ಗಿಣ್ಣಮ್ಮ.

ಯಜಮಾನರು ಆಗಲೇ ಬೆನ್ನು ತಿರುಗಿಸಿದ್ದರು.

ಮೂರನೆಯ ಹೊಸ ಹಸುವೂ ಕೊಟ್ಟಿಗೆಯ ಮುದಿ ಹಸುವೂ ಒಂದೇ ಬೆಳಗ್ಗೆ ಕರು ಹಾಕಿದವು. ಕರೆದ ಹಾಲು ಆರದಿರಲೆಂದು ಎರಡು ಬಾಟಲಿಗಳನ್ನೂ ಒಂದೇ ಬಕೆಟ್ಟಿನ ಬಿಸಿನೀರಿನಲ್ಲಿ ಇಟ್ಟಿದ್ದರು. ಅವಸರದಲ್ಲಿ ಗಿಣ್ಣಮ್ಮ ಮುದಿ ಹಸುವಿನ ಬಾಟಲಿಯನ್ನು ಹೊಸ ಹಸುವಿನ ಕರುವಿನ ಬಾಯಿಗಿಟ್ಟಳು. ಗೊತ್ತಾಗುವ ಹೊತ್ತಿಗೆ ಬಾಟಲಿ ಬರಿದಾಗಿತ್ತು. ಮುದಿಯ ಕೆಚ್ಚಲಲ್ಲಿ ಇನ್ನೂ ಹಾಲಿದ್ದದ್ದರಿಂದ ಅದರ ಕರುವಿನ ಪಾಲಿಗೆ ಮೋಸವಾಗಲಿಲ್ಲ.

"ಯಾರಿಗೂ ಹೇಳ್ಬೇಡ ಕಣೆ," ಎಂದಳಂತೆ ಗಿಣ್ಣಮ್ಮ.

"ಹೇಳೋದೇನು ಅಕ್ಕಾ, ಗಂಟುಮೂಟೆ ಕಟ್ಟಿಟ್ಕೋತೀನಿ. ಇದು ಹೋದ ದಿನ ನಾನೂ ಹೋಗ್ಬೇಕಲ್ಲ."

ಕರು ಹೋಗಲಿಲ್ಲ. ಒಂದು ವಾರ ಕಳೆಯಿತು, ಇನ್ನೊಂದೂ ಕಳೆಯಿತು. ಅದು ಬಕೆಟ್ಟಿಗೆ ಒದೆಯುತ್ತದೆ, ಸಿಕ್ಕವರ ಸೆರಗು ಜಗಿಯುತ್ತದೆ. ಗಿಣ್ಣಮ್ಮನಿಗೆ ಸಂತೋಷಕ್ಕಿಂತ ದಿಗಿಲೇ ಹೆಚ್ಚು. "ಸರಿಯಾಗಿ ಕುಡಿಸಿದ್ವು ಹೋದ್ವು. ತಪ್ಪಿ ಕುಡಿಸಿದ್ದು ನೆಗೀತಾ ಇದೆ. ಇನ್ನು ನಾಳೆ ಹುಟ್ಟೋ ಕರುಗೆ ನಾನು ಏನಂತ ಕುಡಿಸ್ಲಿ?"

ತಡೆಯಲಾರದೆ ದನದ ಡಾಕ್ಟರ ಮುಂದೆ ಎಲ್ಲ ಹೇಳಿಬಿಟ್ಟಳು. ಅವರು ಬೈಯಲಿಲ್ಲ, ಕಲ್ಲಿನ ಮೇಲೆ ಕೂತರು. "ಹಸು ಎಲ್ಲಿರುತ್ತೋ ಅಲ್ಲಿನ ರೋಗಾಣುಗಳ ಜೊತೆ ಅದರ ಮೈ ಸೆಣಸಿರುತ್ತೆ ಕಣಮ್ಮ. ಆ ಬಲವೇ ಗಿಣ್ಣಲ್ಲಿ ಇಳಿಯೋದು. ಹೊಸ ಹಸುಗಳ ಹಾಲಲ್ಲಿ ಇದ್ದದ್ದು ಅವು ಬಂದ ಕೊಟ್ಟಿಗೆಯ ಬಲ. ಇಲ್ಲಿನ ರೋಗಾಣು ಅವಕ್ಕೆ ಹೊಸದು. ನಿಮ್ಮ ಮುದಿ ಹಸುವಿಗೆ ಹಳೇ ಪರಿಚಯ."

"ಹಾಗಾದ್ರೆ ತಪ್ಪು ಯಾರದು ಸ್ವಾಮಿ?"

"ಯಾರದೂ ಅಲ್ಲ. ಇದೇ ಕಾರಣ ಅಂತ ಆಣೆ ಮಾಡಿ ಹೇಳೋಕೂ ನನಗಾಗಲ್ಲ. ಮುಂದಿನ ಸಲ ಗಬ್ಬದ ಹಸುನ ಕರು ಹಾಕೋಕೆ ಒಂದೆರಡು ತಿಂಗಳು ಮುಂಚೇನೇ ತರೋಕೆ ಹೇಳಿ."

ಯಾರದೂ ಅಲ್ಲ ಎಂಬ ಆ ಮಾತು ಗಿಣ್ಣಮ್ಮನಿಗೆ ಇನ್ನೂ ಅರಗಿಲ್ಲ. ಯಾರದೂ ಅಲ್ಲದಿದ್ದರೆ ಓರಗಿತ್ತಿಯನ್ನು ಅಂದದ್ದು ಏಕೆ? ಮುದಿಯ ಗಿಣ್ಣು ಒಳ್ಳೆಯದಾದರೆ ಅತ್ತೆ ಕಲಿಸಿದ್ದು ಸುಳ್ಳೇ? ಕೇಳುತ್ತಾಳೆ, ನಾವು ಉತ್ತರ ಹುಡುಕುವಷ್ಟರಲ್ಲಿ ಬೇರೆ ಕರುವಿನ ಕಡೆ ಹೊರಟುಬಿಡುತ್ತಾಳೆ.

ಡಾಕ್ಟರ ಮಾತು ಯಜಮಾನರಿಗೂ ಮುಟ್ಟಿತು. ಅವರು ನಲ್ಲಿಯ ಹತ್ತಿರ ಬಂದು ಓರಗಿತ್ತಿಗೆ, "ಆಯ್ತಲ್ಲಮ್ಮ, ಇನ್ನು ನೀನು ಇರಬಹುದು," ಎಂದರು.

"ಇರಬಹುದು ಸರಿ. ಕೊಳಕು ಕೈ ಅಂದಿದ್ರಲ್ಲ, ಅದೇನಾಯ್ತು?"

ಅವರು ನಕ್ಕರು. "ಅದನ್ನೇ ಹಿಡ್ಕೊಂಡು ಕೂತಿದ್ದೀಯಾ? ಬಿಡು."

ಅವಳು ಬಿಡಲಿಲ್ಲ, ಇನ್ನು ಕೆಲಸಕ್ಕೆ ಬರುವುದಿಲ್ಲ ಎಂದಳು. ಗಿಣ್ಣಮ್ಮ ಬೈದಳು, ಕೈ ಹಿಡಿದಳು, ಮೈದುನನಿಂದಲೂ ಹೇಳಿಸಿದಳು. "ಕರು ಉಳಿದ್ರೆ ಇವಳು ಉಳೀತಾಳೆ ಅಂತ ತಾನೇ ಆಗಿದ್ದು? ಕರು ಉಳೀತು. ಇವಳ್ಯಾಕೆ ಹೊರಟಳು ಅಂತ ನಂಗೆ ತಿಳೀಲೇ ಇಲ್ಲ," ಎನ್ನುತ್ತಾಳೆ ಈಗ, ತಾನೇ ಬಾಟಲಿ ತಿಕ್ಕುತ್ತಾ.

ಓರಗಿತ್ತಿ ಹೋದದ್ದು ಬುಧವಾರ, ಬೆಳಗಿನ ಹಾಲು ಕರೆದಾದ ಮೇಲೆ. ಇದ್ದಬದ್ದ ಬಾಟಲಿಗಳನ್ನೆಲ್ಲ ತೊಳೆದು, ಬಿಸಿಲಿಗೆ ಬೋರಲು ಹಾಕಿಯೇ ಹೋದಳು.