ಉಡಿಕಿಯಾದ ಹುಲಿಗವ್ವ

ಮಕ್ಕಳು ಬರುತ್ತಾರೆಂದು ಹುಲಿಗವ್ವನಿಗೆ ಯಾರೂ ಹೇಳಿರಲಿಲ್ಲ. ಆನೆಗೊಂದಿಯ ಆ ಓಣಿಗೆ ಕಾರು ಬರುವುದೇ ಅಪರೂಪ. ಬಂದರೂ ದಾರಿ ತಪ್ಪಿದ ಪ್ರವಾಸಿಗರದ್ದು. ಹಾಗಾಗಿ ಬಾಡಿಗೆ ಕಾರೊಂದು ಮನೆಯೆದುರು ನಿಂತಾಗಲೂ ಅವಳು ಕಟ್ಟೆಯ ಮೇಲೆ ಕುಳಿತು ಬಾಳೆನಾರಿನ ಹಗ್ಗ ಹೊಸೆಯುತ್ತಲೇ ಇದ್ದಳು. ಇಳಿದವನು ಮಗ ಪಂಪಾಪತಿ, ಕುಷ್ಟಗಿಯಲ್ಲಿ ಬಸ್ ಕಂಡಕ್ಟರ್. ಅವನ ಹಿಂದೆ ಸೊಂಟ ಹಿಡಿದುಕೊಂಡು ಇಳಿದವಳು ಮಗಳು ಹೇಮಾವತಿ, ಯಲಬುರ್ಗಾಕ್ಕೆ ಕೊಟ್ಟವಳು. ತಾಯಿಯ ಉಡಿಕಿಯಾದ ಮೇಲೆ ಇಬ್ಬರೂ ಈ ಕಡೆ ತಲೆ ಹಾಕಿರಲಿಲ್ಲ.

ಉಡಿಕಿ ಎಂದರೆ ಗಂಡ ಸತ್ತವಳು ಮತ್ತೊಬ್ಬನ ಜೊತೆ ಸಂಸಾರ ಹೂಡುವುದು. ಚಪ್ಪರವಿಲ್ಲ, ವಾಲಗವಿಲ್ಲ. ಹಿರಿಯರ ಮುಂದೆ ಎಲೆ ಅಡಿಕೆ, ಹೊಸ ಸೀರೆ, ಕೈತುಂಬ ಹಸಿರು ಬಳೆ, ಮುಗಿಯಿತು. ಅವರ ಮಂದಿಯಲ್ಲಿ ಇದು ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದದ್ದು. ಆದರೆ ಅರವತ್ತು ದಾಟಿದ, ಮೊಮ್ಮಗಳ ಮದುವೆ ಕಂಡ ಮುದುಕಿ ಬಾಳೆತೋಟ ಕಾಯುವ ಓಬಳೆಪ್ಪನ ಸೀರೆ ಉಟ್ಟರೆ ಮಕ್ಕಳ ಮಾನ ಕುಷ್ಟಗಿ ಬಸ್‌ಸ್ಟ್ಯಾಂಡಿನಲ್ಲಿ ಹರಾಜಾಗುತ್ತದಂತೆ! ಹರೆಯದಲ್ಲೇ ಗಂಡ ಸತ್ತಾಗ ಉಡಿಕಿಯಾಗು ಎಂದವರಿಗೆಲ್ಲ ಅವಳು "ಮಕ್ಕಳು ದೊಡ್ಡವರಾಗಲಿ" ಎಂದಿದ್ದಳು. ಮಕ್ಕಳೇನೋ ದೊಡ್ಡವರಾದರು. ಮಗನ ಮನೆಯಲ್ಲಿ ರೊಟ್ಟಿ ಬಡಿದಳು, ಮೊಮ್ಮಕ್ಕಳ ಅಂಡು ತೊಳೆದಳು. ನೀ ಉಂಡೆಯಾ ಎಂದು ಅಲ್ಲಿ ಒಬ್ಬರೂ ಕೇಳಲಿಲ್ಲ. ತವರೂರು ಆನೆಗೊಂದಿಗೆ ಬಂದಾಗ ಓಬಳೆಪ್ಪ ಕೇಳಿದ, ಅವಳು ಇಲ್ಲೇ ಉಳಿದಳು.

ಈಗ ಅವಳು ನಾರು ಕೊಡವಿ ಎದ್ದು, ಕಾಲಿಗೆ ನೀರು ತಂದಿಟ್ಟಳು, ಕುಡಿಯಲು ಚಂಬು ಹಿಡಿದಳು.

"ನೀರು ಬ್ಯಾಡ. ಈ ಮನಿ ನೀರು ನಮಗ ಇಳಿಯಂಗಿಲ್ಲ" ಎಂದ ಪಂಪಾಪತಿ. ಹೇಮಾವತಿಯ ಗಂಟಲು ಒಣಗಿದ್ದು ಮುಖದಲ್ಲೇ ಕಾಣುತ್ತಿತ್ತು. ಆದರೂ ಅಣ್ಣನ ಮುಖ ನೋಡಿ ಕೈ ಚಾಚಲಿಲ್ಲ.

"ಯವ್ವಾ, ಶೋಭಾ ಹಡದಾಳ" ಎಂದಳು.

ಶೋಭಾರಾಣಿ ಹೇಮಾವತಿಯ ಮಗಳು, ಹುಲಿಗವ್ವ ಕಾಲ ಮೇಲೆ ಹಾಕಿಕೊಂಡು ನೀರೆರೆದು ಬೆಳೆಸಿದ ಮೊಮ್ಮಗಳು. ಮುದುಕಿಗೆ ನೀರು ಬೇಡವೆಂದ ಅವಮಾನ ಮರೆತೇ ಹೋಯಿತು.

"ಯಾವಾಗ ಹಡದಳು? ಏನು ಕೂಸು?"

ಹೇಮಾವತಿ ಬಾಯಿ ತೆರೆಯುವಷ್ಟರಲ್ಲಿ ಪಂಪಾಪತಿ ಕೈ ಅಡ್ಡ ಹಿಡಿದ. "ಅದನ್ನ ಬಂದು ನೋಡು. ಮೊದಲು ಮಾತು ಕೇಳು."

"ಕೂಸಿನ್ನ ಎರಿಯಾಕ ನನಗ ಸೊಂಟ ಬಗ್ಗವಲ್ದು" ಎಂದಳು ಹೇಮಾವತಿ. "ನಿನ್ನಂಗ ಬಾಣಂತನ ಮಾಡೋರು ಯಾರದಾರ ಯವ್ವಾ?"

"ತಡೀರಿ, ಎರಡು ಸೀರಿ ಕಟಗೊಂಡು ಬರ್ತೀನಿ" ಎಂದು ಹುಲಿಗವ್ವ ಒಳಗೆ ಹೊರಟೇಬಿಟ್ಟಳು.

"ಹಂಗ ಬರಾಕ ಆಗಂಗಿಲ್ಲ" ಎಂದ ಪಂಪಾಪತಿ. "ಆ ಬಳಿ ತಗದು ಬಾ. ಬೀಗರು ಅಲ್ಲೇ ಅದಾರ. ನೀ ಹುಲಿಗ್ಯಾಗ ಗುಡಿಸೇವಾಕ್ಕ ಉಳದೀ ಅಂತ ಹೇಳೀವಿ. ಆ ಮನಿಷ್ಯಾನ ಹೆಸರು ಎತ್ತಬ್ಯಾಡ. ಹೊಳ್ಳಿ ಇಲ್ಲಿಗೆ ಬರೂದೂ ಬ್ಯಾಡ."

ಹುಲಿಗವ್ವ ಹೊಸ್ತಿಲಲ್ಲೇ ನಿಂತಳು.

"ಶೋಭಾ ಬಸುರಿ ಇದ್ದಾಗ ಕುಬಸಕ್ಕ ನನ್ನ ಯಾಕ ಕರೀಲಿಲ್ಲ?"

"ಉಡಿಕಿ ಆದಾಕಿ ಬಸುರಿ ಉಡಿ ತುಂಬಬಾರದು. ಹಿರ್ಯಾರ ಮಾತು" ಎಂದ ಅವನು.

"ಉಡಿ ತುಂಬಾಕ ನಾ ಆಗಂಗಿಲ್ಲ, ಹೊಲಸು ತೊಳಿಯಾಕ ಆಕ್ಕೀನಿ. ಛಲೋ ಆತು ನಿಮ್ಮ ಹಿರ್ಯಾರ ಮಾತು!"

ಅಷ್ಟರಲ್ಲಿ ಓಬಳೆಪ್ಪ ಹೆಗಲ ಮೇಲೆ ಬಾಳೆಗೊನೆ ಹೊತ್ತು ಬಂದ. ಕಾರು ಕಂಡು ಅಂಗಳದಲ್ಲೇ ನಿಂತು, "ಬಂದ್ರ್ಯಾ? ಆರಾಮ ಅದೀರಿ?" ಎಂದ. ಪಂಪಾಪತಿ ಪಕ್ಕಕ್ಕೆ ತಿರುಗಿ ಉಗುಳಿದ. ಹೇಮಾವತಿ ಒಂದೇ ಉಸಿರಿನಲ್ಲಿ ವಿಷಯ ಹೇಳಿ, ನೀವಾದರೂ ಬುದ್ಧಿ ಹೇಳಿರೆಂದು ಅಲವತ್ತುಕೊಂಡಳು.

ಓಬಳೆಪ್ಪ ಗೊನೆ ಇಳಿಸಿದ. "ಹೋಗಿ ಬಾ ಹುಲಿಗವ್ವ. ಬಾಣಂತಿ ಮುಖ್ಯ. ಬಳಿದೇನು, ಹೊಳ್ಳಿ ಬಂದಾಗ ಇಡಸ್ತೀನಿ."

"ನೀ ಸುಮ್ನಿರು! ಗಂಡ ಕಣ್ಣಮುಂದ ಇದ್ದಾಗ ಬಳಿ ತಗೀತಾರನು? ನಿನ್ನ ಸಾವು ನೀನ ಹೇಳ್ಕೋತೀ?" ಅವಳ ದನಿ ಓಣಿಗೆಲ್ಲ ಕೇಳಿತು. ಎದುರು ಮನೆಯ ಬಳೆಗಾರ್ತಿ ಸೈದಾನಬಿ ಬಾಗಿಲಿಗೆ ಬಂದು ಇಣುಕಿ ಒಳಗೆ ಹೋದಳು.

ಹುಲಿಗವ್ವ ಮಗನ ಕಡೆ ತಿರುಗಿದಳು. "ಒಮ್ಮೆ ನಿಮ್ಮಪ್ಪ ಸತ್ತಾಗ ಬಳಿ ಒಡಕೊಂಡೀನಿ. ಇನ್ನೊಮ್ಮೆ ನಿಮ್ಮ ಬೀಗರ ಸಲುವಾಗಿ ತಗಿಯಂಗಿಲ್ಲ. ಹಿಂಗ ಬರ್ತೀನಿ, ಮುಂದಿನ ಬಾಗಲದಾಗ ಬರ್ತೀನಿ, ಕೇಳಿದರ ಖರೇ ಹೇಳ್ತೀನಿ. ಕರಕೊಂಡು ಹೋಗ್ತಿದ್ರ ಹೋಗ್ರಿ."

"ನಮ್ಮ ಪಾಲಿಗೆ ನೀ ಸತ್ತಿ" ಎಂದು ಪಂಪಾಪತಿ ಕಾರು ಹತ್ತಿದ. ಹೇಮಾವತಿ ಅಳುತ್ತ ಅವನ ಹಿಂದೆ ಹೋದಳು. ಅಳುವುದು ಅವಳಿಗೆ ಮೊದಲಿನಿಂದಲೂ ಸಲೀಸು, ಎದುರು ಮಾತಾಡುವುದು ಮಾತ್ರ ಬರುತ್ತಿರಲಿಲ್ಲ.

ಕಾರು ಹೊರಡುವ ಹೊತ್ತಿಗೆ ಹುಲಿಗವ್ವ ಓಡಿಹೋಗಿ ಕಿಟಕಿ ಹಿಡಿದಳು. ಇಷ್ಟು ಹೊತ್ತಿನ ಸೆಟೆತವೆಲ್ಲ ಇಳಿದು ದನಿ ಅಂಗಲಾಚುತ್ತಿತ್ತು. "ಹೇಮಿ, ಏನು ಕೂಸು? ಅಷ್ಟರ ಹೇಳು."

ಹೇಮಾವತಿ ಅಣ್ಣನನ್ನು ನೋಡಿದಳು.

"ಬಳಿ ತಗಿ, ಹೇಳ್ತಾಳ" ಎಂದ ಪಂಪಾಪತಿ. ಗಾಜು ಮೇಲೇರಿತು. ಮುದುಕಿ ಬೆರಳು ಬಿಡಿಸಿಕೊಳ್ಳಬೇಕಾಯಿತು.

ಓಬಳೆಪ್ಪನ ಮೊಬೈಲಿನಿಂದ ಶೋಭಾಗೆ ಫೋನ್ ಹಚ್ಚಿದರು. ರಿಂಗಾಯಿತು, ಯಾರೋ ಕತ್ತರಿಸಿದರು. ಮತ್ತೆ ಹಚ್ಚಿದರೆ ಸ್ವಿಚ್ ಆಫ್. ಹುಲಿಗವ್ವನಿಗೆ ಮಗನನ್ನು ಹಿಡಿದು ನಾಲ್ಕು ಬಾರಿಸಬೇಕೆನಿಸಿತು. ಇಂಥವನಿಗೆ ಹಾಲೂಡಿಸಿದೆನಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು.

ಸೈದಾನಬಿಗೆ ಜಗಳ ಪೂರ್ತಿ ಕೇಳಿಸಿರಲಿಲ್ಲ, ಹಡೆದ ಸುದ್ದಿಯಷ್ಟೇ ಕಿವಿಗೆ ಬಿದ್ದಿತ್ತು. ನಗುತ್ತಲೇ ದಾಟಿ ಬಂದಳು. "ಮೊಮ್ಮಗಳು ಹಡದಳಂತಲ್ಲಬೇ! ಸಕ್ಕರಿ ಎಲ್ಲೈತಿ? ಏನು ಕೂಸು?"

ಹುಲಿಗವ್ವ ಒಳಗೆ ಹೋಗಿ ಸಕ್ಕರೆ ಡಬ್ಬಿ ತಂದಳು. ಒಂದು ಚಿಟಿಕೆ ಸೈದಾನಬಿಯ ಅಂಗೈಗೆ, ಒಂದು ಓಬಳೆಪ್ಪನ ಅಂಗೈಗೆ ಹಾಕಿದಳು. ತಾನು ಬಾಯಿಗೆ ಹಾಕಿಕೊಳ್ಳಲು ಹೋದವಳು ಹಾಕಿಕೊಳ್ಳದೆ ಅಲ್ಲೇ ಕುಳಿತುಬಿಟ್ಟಳು.

"ತಿನ್ನಬೇ" ಎಂದಳು. "ಹೆಣ್ಣೋ ಗಂಡೋ, ನನಗ ಹೇಳಲಿಲ್ಲ."