ಆಯಿಲ್ ಕಡ್ಡಿ ಚರಂಡಿಗೆ ಬಿದ್ದ ಮೇಲೆ

ಕಿವಿಯಣ್ಣನ ಪಿಕಪ್ ಗಾಡಿಯ ಎಂಜಿನ್ನನ್ನು ಅದುವರೆಗೆ ಯಾರೂ ಬಿಚ್ಚಿರಲಿಲ್ಲ. ಹೇಳಿಕೊಳ್ಳುವುದಕ್ಕೆ ಅವನ ಬದುಕಿನಲ್ಲಿ ಇದ್ದ ಸಾಧನೆ ಅದೊಂದೇ ಆದ್ದರಿಂದ ಅದನ್ನು ಅವನು ಧಾರಾಳವಾಗಿ ಹೇಳಿಕೊಳ್ಳುತ್ತಿದ್ದ. ಬೇರೆಯವರು ಮಗಳ ಪದವಿಯನ್ನೋ ಹೊಸ ಮನೆಯ ಮೆಟ್ಟಿಲನ್ನೋ ಮಾತಿನ ನಡುವೆ ಎಳೆದು ತರುವ ಹಾಗೆ ಅವನು ಎಂಜಿನ್ನನ್ನು ಎಳೆದು ತರುತ್ತಿದ್ದ. ತನ್ನ ಜೊತೆಯಲ್ಲೇ ಗಾಡಿ ಕೊಂಡವರೆಲ್ಲ ಅದನ್ನು ಗ್ಯಾರೇಜಿನಲ್ಲಿ ಮಲಗಿಸಿ, ಸವೆದ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಿಕೊಂಡು ಬಂದಿದ್ದರೂ ತನ್ನದು ಶೋರೂಮಿನಲ್ಲಿ ಬಿಗಿದ ನಟ್ಟಿನಲ್ಲೇ ಓಡುತ್ತಿದೆ ಎಂಬುದು ಅವನ ಪಲ್ಲವಿ. ಚಹಾದಂಗಡಿಯಲ್ಲಿ ಪಲ್ಲವಿ ಶುರುವಾದೊಡನೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಗುತ್ತಿತ್ತು.

ಅವನಿಗೆ ಆ ಅಡ್ಡಹೆಸರು ಬಂದದ್ದೂ ಎಂಜಿನ್ನಿನಿಂದಲೇ. ಉಪಕರಣಗಳನ್ನು ಅವನು ನಂಬುತ್ತಿರಲಿಲ್ಲ. ಬಾನೆಟ್ಟಿನ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿ, ಬೇರೆಯವರ ಮನೆಯ ಜಗಳವನ್ನು ಗೋಡೆಯಾಚೆಯಿಂದ ಕೇಳುವವನ ತನ್ಮಯತೆಯಲ್ಲಿ ನಿಂತು, ಬೆಲ್ಟ್ ಒಣಗಿದೆ, ಬೇರಿಂಗ್ ಹೋಗುವುದರಲ್ಲಿದೆ ಎಂದು ತೀರ್ಪು ಕೊಡುತ್ತಿದ್ದ. ಹಲವು ಸಲ ಅದು ಸರಿಯಾಗಿಯೇ ಇರುತ್ತಿತ್ತು. ತಪ್ಪಾದಾಗ, ಎಂಜಿನ್ನೇ ಸುಳ್ಳು ಹೇಳಿತು ಎನ್ನುತ್ತಿದ್ದ.

ಆದರೆ ಅವನ ಆರೈಕೆಯನ್ನು ಮಾತ್ರ ಯಾರೂ ಹಳಿಯುವಂತಿರಲಿಲ್ಲ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಆಯಿಲ್ ತಳಕ್ಕೆ ಇಳಿದಿರುತ್ತದೆ. ಅದು ಮತ್ತೆ ಮೇಲೇರಿ ಸಂದುಗೊಂದುಗಳನ್ನೆಲ್ಲ ಮುಟ್ಟುವ ಮೊದಲೇ ಆಕ್ಸಿಲರೇಟರ್ ತುಳಿಯುವವನನ್ನು ಅವನು ಕೊಲೆಗಾರರ ಸಾಲಿಗೆ ಸೇರಿಸಿದ್ದ. ಹಾಗಾಗಿ ದಿನಾ ಬೆಳಗ್ಗೆ ಸ್ಟಾರ್ಟ್ ಮಾಡಿ, ಪಕ್ಕದಲ್ಲಿ ನಿಂತು, ಎಂಜಿನ್ ತಾನಾಗಿ ಬೆಚ್ಚಗಾಗುವವರೆಗೆ ಕಾಯುತ್ತಿದ್ದ. ದೊಡ್ಡ ಏರು ಹತ್ತಿ ಬಂದರೆ ಆರಿಸುವ ಮೊದಲು ಅದಕ್ಕೆ ದಮ್ಮು ತೆಗೆದುಕೊಳ್ಳಲು ಬಿಡುತ್ತಿದ್ದ. ಈ ಸೌಜನ್ಯ ಎಂಜಿನ್ನಿಗಷ್ಟೇ ಮೀಸಲು ಎಂಬುದು ಅವನ ಹೆಂಡತಿಯ ದೂರು. ತಾನು ಕಣ್ಣು ಬಿಡುವ ಮೊದಲೇ ಟವೆಲ್ ಎಲ್ಲಿ, ಚಪ್ಪಲಿ ಎಲ್ಲಿ ಎಂದು ಶುರುಮಾಡುವ ಗಂಡ ತನ್ನನ್ನೂ ಒಂದಿಷ್ಟು ಬೆಚ್ಚಗಾಗಲು ಬಿಟ್ಟಿದ್ದರೆ ತಾನೂ ಇಷ್ಟು ಬೇಗ ಸವೆಯುತ್ತಿರಲಿಲ್ಲ ಎಂದು ಅವಳು ಅಕ್ಕಪಕ್ಕದವರೊಡನೆ ಹೇಳುತ್ತಿದ್ದಳು.

ಗಾಡಿಯಲ್ಲಿ ಅರ್ಧ ಪಾಲು ಅವಳ ತಮ್ಮನದು. ಬೆಳಗಿನ ಹೊತ್ತು ಕಿವಿಯಣ್ಣ ಸಗಟು ಮಾರುಕಟ್ಟೆಯಿಂದ ಅಂಗಡಿಗಳಿಗೆ ತರಕಾರಿ ಲೋಡು ಹೊಡೆಯುತ್ತಿದ್ದ. ಮಧ್ಯಾಹ್ನದ ಮೇಲೆ ಮಹಡಿಯ ಕೋಣೆಯಿಂದ ಭಾವಮೈದ ಇಳಿದು ಬಂದು ಸೋಫಾ, ಬೀರು, ಮಂಚಗಳ ಸಾಗಣೆಗೆ ಹೊರಡುತ್ತಿದ್ದ. ಅವನು ಗಾಡಿ ಓಡಿಸುವ ರೀತಿ ನೋಡಿದರೆ ಹಿಂದಿನಿಂದ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನಿಸುತ್ತಿತ್ತು. ಇಬ್ಬರ ನಡುವೆ ಗೊಣಗಾಟವಿತ್ತೇ ಹೊರತು ಜಗಳವಿರಲಿಲ್ಲ. ಜಗಳ ಬಂದದ್ದು ಒಂದು ಓಲೆಯಿಂದ.

ಮನೆಯ ಪಕ್ಕದ ನಲ್ಲಿಯ ಬಳಿ ಬಟ್ಟೆ ಒಗೆಯುತ್ತಿದ್ದಾಗ ಹೆಂಡತಿಯ ಕಿವಿಯೋಲೆ ಕಳಚಿ ಚರಂಡಿಯ ಕಲ್ಲಿನ ಸಂದಿನಲ್ಲಿ ಬಿತ್ತು. ತಮ್ಮ ಕೂಡಲೇ ಕಾರ್ಯಪ್ರವೃತ್ತನಾದ. ಗಾಡಿಯ ಬಾನೆಟ್ ಎತ್ತಿ, ಎಂಜಿನ್ನಿನಲ್ಲಿ ಆಯಿಲ್ ಎಷ್ಟಿದೆಯೆಂದು ನೋಡುವ ಕಡ್ಡಿಯನ್ನು ಎಳೆದುಕೊಂಡ. ಉದ್ದ, ತೆಳು, ಬಳುಕುವ ಗುಣ: ಚರಂಡಿ ಕೆದಕುವುದಕ್ಕೆಂದೇ ಮಾಡಿದಂತಿತ್ತು. ಅವನು ಕೆದಕಿದಷ್ಟೂ ಓಲೆ ಒಳಗೆ ಸರಿಯಿತು. ಕೊನೆಗೆ ಕೈ ಜಾರಿ ಕಡ್ಡಿಯೂ ಅದನ್ನು ಹಿಂಬಾಲಿಸಿತು. ಸದ್ದು ಕೇಳಿ ಬಂದ ಕಿವಿಯಣ್ಣ ಚರಂಡಿಯ ಮುಂದೆ ಶವದ ಮುಂದೆ ನಿಂತವನಂತೆ ನಿಂತ. ಆಮೇಲೆ ಅವನು ಆಡಿದ ಮಾತುಗಳು ಬೀದಿಯ ಆ ತುದಿಯವರೆಗೂ ಕೇಳಿಸಿದವು. ಈ ಮನೆಯಲ್ಲಿ ಅಕ್ಕನ ಕಿವಿಗಿಂತ ಒಂದು ಕಬ್ಬಿಣದ ಕಡ್ಡಿಗೆ ಬೆಲೆ ಜಾಸ್ತಿ ಎಂದು ಭಾವಮೈದನೂ ಅಷ್ಟೇ ಎತ್ತರದ ದನಿಯಲ್ಲಿ ತಿರುಗೇಟು ಕೊಟ್ಟ. ಅಂದಿನಿಂದ ಮಾತು ನಿಂತಿತು.

ಹೊಸ ಕಡ್ಡಿ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಸಿಗುತ್ತಿತ್ತು. ಆದರೆ ಕಳೆದವನೇ ತರಲಿ ಎಂದು ಭಾವ, ಬೈದವರೇ ತರಲಿ ಎಂದು ಭಾವಮೈದ. ಕಡ್ಡಿಯಿದ್ದ ತೂತಿಗೆ ಹಳೆ ಬನಿಯನ್ನಿನ ಚೂರೊಂದನ್ನು ತುರುಕಿ ಎಂಜಿನ್ನಿನ ಮಾನ ಮುಚ್ಚಲಾಯಿತು. ಇಬ್ಬರ ನಡುವಿನ ಸಕಲ ವ್ಯವಹಾರವೂ ಹೆಂಡತಿಯ ಮೂಲಕ ನಡೆಯತೊಡಗಿತು. ಒಂದೇ ಊಟದ ಮೇಜಿನ ಎರಡು ತುದಿಯಲ್ಲಿ ಕೂತು, ಡೀಸೆಲ್ ಹಾಕಿಸಬೇಕಂತ ಹೇಳು, ಹಾಕಿಸಿಯಾಗಿದೆ ಅಂತ ಹೇಳು ಎಂದು ಅವಳ ಕಡೆಗೆ ಮಾತು ಎಸೆಯುತ್ತಿದ್ದರು. ಅವಳು ಪಲ್ಯ ಬಡಿಸುವ ಕೈಯಲ್ಲೇ ಮಾತನ್ನೂ ಬಡಿಸುತ್ತಿದ್ದಳು.

ಈಗ ಆಯಿಲ್ ಎಷ್ಟಿದೆ ಎಂದು ನೋಡುವ ದಾರಿ ಯಾರಿಗೂ ಇರಲಿಲ್ಲ. ತನಗೆ ಅದರ ಅಗತ್ಯವೂ ಇಲ್ಲ ಎಂದು ಕಿವಿಯಣ್ಣ ಭಾವಿಸಿದ. ಬಾನೆಟ್ಟಿಗೆ ಕಿವಿಯಿಟ್ಟು ಕೇಳಿದರೆ ಒಳಗೆ ಏನೋ ಒಣಗಿದಂತೆ ಸದ್ದು. ಭಾವಮೈದನಂಥವನು ಆಯಿಲ್ಲಿನ ಗೊಡವೆಗೆ ಹೋಗುತ್ತಾನೆಯೇ? ಎಂಜಿನ್ ಬರಿಹೊಟ್ಟೆಯಲ್ಲಿ ಓಡುತ್ತಿರಬೇಕು. ಅವನು ಮೆಟ್ಟಿಲ ಕೆಳಗೆ ಒಂದು ಆಯಿಲ್ ಡಬ್ಬಿ ಅಡಗಿಸಿಟ್ಟು ಬೆಳಗ್ಗೆ ಬೆಳಗ್ಗೆ ಒಂದು ಲೋಟ ಸುರಿಯತೊಡಗಿದ. ‘ಅವನಿಗೆ ಹೇಳಬೇಡ, ಇನ್ನೂ ಉದಾಸೀನ ಮಾಡ್ತಾನೆ’ ಎಂದು ಹೆಂಡತಿಗೆ ತಾಕೀತು ಮಾಡಿದ. ಅವಳು ಹೇಳಲಿಲ್ಲ.

ಕೆಲವು ವಾರಗಳಲ್ಲಿ ಗಾಡಿ ಹೊಗೆ ಬಿಡಲು ಶುರುಮಾಡಿತು. ನಿಂತಲ್ಲೆಲ್ಲ ಕೆಳಗೆ ಕಪ್ಪು ಕಲೆ. ಕಿವಿಯಣ್ಣ ಬಗ್ಗಿ ಕಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಸೋರುತ್ತಿದೆ ಅಂದ ಮೇಲೆ ಕಡಿಮೆಯಾಗಿರಲೇಬೇಕು ಎಂದು ಎರಡು ಲೋಟ ಸುರಿದ. ಹೊಗೆ ಇನ್ನೂ ದಟ್ಟವಾಯಿತು. ದಾರಿಯಲ್ಲಿ ಸಿಕ್ಕ ಗ್ಯಾರೇಜಿನ ಮೇಸ್ತ್ರಿ, ಹಲ್ಲಿನ ನಡುವೆ ಸ್ಕ್ರೂಡ್ರೈವರ್ ಕಚ್ಚಿಕೊಂಡೇ ಮಾತಾಡುವ ದಪ್ಪ ಮನುಷ್ಯ, ಹೊಗೆಯ ಬಣ್ಣ ನೋಡಿಯೇ ಎಂಜಿನ್ನು ಆಯಿಲ್ಲನ್ನು ಕುಡಿಯುತ್ತಿದೆ, ಬಿಚ್ಚುವ ಕಾಲ ಬಂತು ಅಂದುಬಿಟ್ಟ. ಕಡ್ಡಿಯ ತೂತಿಗೆ ತುರುಕಿದ್ದ ಬನಿಯನ್ ಚೂರನ್ನು ಅವನೂ ನೋಡಲಿಲ್ಲ. ಕಿವಿಯಣ್ಣ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ. ಎಂಜಿನ್ ಬಿಚ್ಚಿದರೆ ಚಹಾದಂಗಡಿಯಲ್ಲಿ ಯಾವ ಮುಖ ಹೊತ್ತು ಕೂರುವುದು? ಅದಕ್ಕಿಂತ ಹೆಚ್ಚಾಗಿ, ಭಾವಮೈದನ ಮುಂದೆ? ಏನಾದರೂ ಸರಿ, ಬಿಚ್ಚಿಸಬಾರದು ಎಂದು ಹಟ ಹಿಡಿದು ಮಾರನೆಯ ಬೆಳಗ್ಗೆ ಡಬ್ಬಿಯನ್ನೇ ಬಗ್ಗಿಸಿದ.

ಅಂದು ಮಧ್ಯಾಹ್ನ ಅವನು ಊಟಕ್ಕೆ ಕೂತಿದ್ದಾಗ ಹೊರಗೆ ಭಾವಮೈದ ಗಾಡಿ ಸ್ಟಾರ್ಟ್ ಮಾಡಿದ. ಎಂಜಿನ್ ಮಾಮೂಲಿನಂತೆ ಕೆಮ್ಮಿತು. ಆಮೇಲೆ ಯಾರೂ ತುಳಿಯದೆಯೇ ಅದರ ದನಿ ಏರತೊಡಗಿತು. ಏರಿ ಏರಿ ಕಿರಿಚಾಟವಾಯಿತು. ಕಿವಿಯಣ್ಣ ಎಂಜಲು ಕೈಯಲ್ಲೇ ಹೊರಗೆ ಓಡಿದ. ಬೀದಿಯ ತುಂಬ ನೀಲಿ ಬೆರೆತ ಬಿಳಿ ಹೊಗೆ. ಅದರ ನಡುವೆ ಭಾವಮೈದ ಗಾಡಿಯಿಂದಿಳಿದು, ಕಿತ್ತ ಕೀಲಿಯನ್ನು ಅಂಗೈಯಲ್ಲಿಟ್ಟುಕೊಂಡು, ತಪ್ಪೆಲ್ಲ ಅದರದೇ ಎಂಬಂತೆ ನೋಡುತ್ತಿದ್ದ. ಕೀಲಿ ಕಿತ್ತರೂ ಎಂಜಿನ್ ಓಡುತ್ತಲೇ ಇತ್ತು. ಡೀಸೆಲ್ಲಿನ ಹಂಗು ತೊರೆದು, ಹೊಟ್ಟೆಯಲ್ಲಿ ತುಂಬಿ ತುಳುಕುತ್ತಿದ್ದ ಆಯಿಲ್ಲನ್ನೇ ಕುಡಿದು ಉರಿಯುತ್ತಿತ್ತು.

‘ಅಕ್ಕಾ, ಗಾಡಿ ನಿಲ್ತಾ ಇಲ್ಲ ಅಂತ ಭಾವಂಗೆ ಹೇಳು’ ಎಂದು ಭಾವಮೈದ ಕೂಗಿದ. ಭಾವ ಅವನಿಂದ ಮಾರುದೂರದಲ್ಲಿ ನಿಂತಿದ್ದ.

‘ಗೇರಿಗೆ ಹಾಕಬೇಕಂತ ಹೇಳು ಅವನಿಗೆ’ ಎಂದ ಕಿವಿಯಣ್ಣ, ಹೆಂಡತಿಯ ಕಡೆ ತಿರುಗಿ.

ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ಈ ಗದ್ದಲದಲ್ಲಿ ಕಿರುಚೋಕೆ ನನಗೆ ಗಂಟಲಿಲ್ಲ. ನೀವೇ ಮಾತಾಡ್ಕೊಳ್ಳಿ’ ಅಂದಳು.

ಎಂಜಿನ್ನಿನ ಒಳಗಿಂದ ಏನೋ ಬಡಿದ ಸದ್ದು ಬಂತು. ಕಿವಿಯಣ್ಣನಿಗೆ ಅದು ತನ್ನ ಪಕ್ಕೆಲುಬಿಗೇ ಬಡಿದಂತಾಯಿತು. ‘ಹತ್ತೋ ಒಳಗೆ! ಟಾಪ್ ಗೇರ್ ಹಾಕು, ಬ್ರೇಕ್ ಒತ್ತಿ ಹಿಡ್ಕೊಂಡು ಕ್ಲಚ್ ಬಿಡು!’

‘ಗಾಡಿ ನೆಗೆದುಬಿಟ್ರೆ ಭಾವ?’

‘ನೆಗೆದ್ರೆ ನನ್ನ ಮೇಲೆ ತಾನೇ ನೆಗೆಯೋದು, ನಿಂಗೇನೋ ಕಷ್ಟ?’

ಭಾವಮೈದ ಹತ್ತಿದ. ಗಾಡಿ ಒಮ್ಮೆ ಮುಗ್ಗರಿಸಿ, ಇಡೀ ಮೈ ಅದುರಿಸಿ, ಉಸಿರು ಬಿಟ್ಟಿತು. ಆಮೇಲಿನ ಮೌನ ಎಷ್ಟು ಗಾಢವಾಗಿತ್ತೆಂದರೆ, ಕಿವಿಯಣ್ಣ ಅಭ್ಯಾಸಬಲದಿಂದ ಬಾನೆಟ್ಟಿಗೆ ಕಿವಿಯಿಟ್ಟಾಗ ಅವನಿಗೆ ಕೇಳಿಸಿದ್ದು ತನ್ನ ಕಿವಿಯೊಳಗಿನ ಗುಂಯ್‌ಗುಡುವಿಕೆ ಮಾತ್ರ.

ಗಾಡಿಯನ್ನು ಹಗ್ಗ ಕಟ್ಟಿ ಗ್ಯಾರೇಜಿಗೆ ಎಳೆದರು. ಮೇಸ್ತ್ರಿ ಕೆಳಗಿನ ನಟ್ಟು ಬಿಚ್ಚಿ ಬಾಣಲೆ ಇಟ್ಟ. ಬಾಣಲೆ ತುಂಬಿತು. ಇನ್ನೊಂದು ಇಟ್ಟ, ಅದೂ ತುಂಬಿತು. ಕೊನೆಗೆ ಕೈ ತೊಳೆಯುವ ಬಕೆಟ್ಟನ್ನು ಕಾಲಿನಿಂದ ಒಳಗೆ ತಳ್ಳಬೇಕಾಯಿತು. ಅವನು ಅಂದು ಮೊದಲ ಬಾರಿಗೆ ಬಾಯಿಂದ ಸ್ಕ್ರೂಡ್ರೈವರ್ ತೆಗೆದು, ಇದಕ್ಕೆ ಇಷ್ಟೊಂದು ಕುಡಿಸಿದ ಪುಣ್ಯಾತ್ಮ ಯಾರು ಎಂದು ಕೇಳಿದ.

ಕಿವಿಯಣ್ಣ ದಿನಕ್ಕೊಂದು ಲೋಟವೆಂದು ಒಪ್ಪಿಕೊಂಡ. ಕೊನೆಯ ದಿನ ಡಬ್ಬಿಯನ್ನೇ ಬಗ್ಗಿಸಿದ ಮಾತನ್ನು ನುಂಗಿಕೊಂಡ. ಅಷ್ಟರಿಂದ ಇಷ್ಟಾಗುವುದಿಲ್ಲ ಎಂದು ಮೇಸ್ತ್ರಿ ತಲೆಯಾಡಿಸಿದ. ಆಗ ಭಾವಮೈದ, ಬಕೆಟ್ಟನ್ನೇ ನೋಡುತ್ತ, ಭಾವ ಕಿವಿಯಲ್ಲೇ ಗಾಡಿ ಸಾಕುತ್ತಾರೆ, ಆಯಿಲ್ ಹಾಕುವ ಅಭ್ಯಾಸ ಅವರಿಗಿಲ್ಲ ಅಂದುಕೊಂಡು ತಾನೂ ಸಂಜೆ ಸಂಜೆ ಸುರಿಯುತ್ತಿದ್ದೆ, ಡಬ್ಬಿ ಮಹಡಿಯ ನೀರಿನ ಟ್ಯಾಂಕಿನ ಹಿಂದಿದೆ ಎಂದ. ಹೊಗೆ ಕಂಡ ಮೇಲೆ ಅವನೂ ಎರಡೆರಡು ಲೋಟಕ್ಕೆ ಏರಿದ್ದ. ಹೆಚ್ಚಾದ ಆಯಿಲ್ ಸಿಕ್ಕ ಸಂದಿನಲ್ಲೆಲ್ಲ ಹೊರಬರುತ್ತಿತ್ತು. ಹೊರಬಂದದ್ದನ್ನು ಕಂಡು ಇಬ್ಬರೂ ಹೆಚ್ಚು ಹಾಕುತ್ತಿದ್ದರು.

ಅಷ್ಟರಲ್ಲಿ ಊಟದ ಡಬ್ಬಿ ಹಿಡಿದು ಹೆಂಡತಿ ಬಂದಳು. ಅರ್ಧಕ್ಕೆ ಬಿಟ್ಟ ಊಟ ಪೂರೈಸಲಿ ಎಂಬ ಕರುಣೆ.

‘ಇವನೂ ಹಾಕ್ತಿದ್ದದ್ದು ನಿನಗೆ ಗೊತ್ತಿತ್ತಾ?’ ಎಂದು ಕಿವಿಯಣ್ಣ ಕೇಳಿದ.

‘ಗೊತ್ತಿಲ್ದೆ ಏನು? ಎರಡು ಡಬ್ಬಿ ಸುತ್ತಲೂ ಕಸ ಗುಡಿಸೋಳು ನಾನೇ. ನೀವು ಅವನಿಗೆ ಹೇಳಬೇಡ ಅಂದ್ರಿ, ಅವನು ನಿಮಗೆ ಹೇಳಬೇಡ ಅಂದ. ಹೇಳು ಅಂದದ್ದನ್ನ ಹೇಳಿದೀನಿ, ಬೇಡ ಅಂದದ್ದನ್ನ ಬಿಟ್ಟಿದೀನಿ. ನನ್ನ ಕೆಲಸದಲ್ಲಿ ಏನಾದ್ರೂ ಲೋಪ ಇದ್ರೆ ಹೇಳಿ.’

ಮೇಸ್ತ್ರಿ ನಗು ತಡೆಯಲು ಸ್ಕ್ರೂಡ್ರೈವರ್ ಮತ್ತೆ ಬಾಯಿಗಿಟ್ಟುಕೊಂಡ. ಹೊಸ ಆಯಿಲ್, ಹೊಸ ಕಡ್ಡಿ ಹಾಕಿ ಓಡಿಸಿದರೆ ಓಡಬಹುದು. ಅಷ್ಟು ಕಿರುಚಿದ ಮೇಲೆ ಒಳಗೇನಾಗಿದೆ ಎಂದು ಬಿಚ್ಚದೆ ತಾನು ಹೇಳಲಾರೆ ಎಂದ.

‘ಬೇಡ ಬಿಡಿ ಭಾವ’ ಎಂದ ಭಾವಮೈದ ಮೆಲ್ಲಗೆ. ‘ಹಂಗೇ ಓಡಿಸಿ ನೋಡೋಣ. ಊರೆಲ್ಲ ಹೇಳ್ಕೊಂಡಿದೀರಿ.’

ಗೇಲಿ ಮಾಡಲು ಇದಕ್ಕಿಂತ ಒಳ್ಳೆಯ ಗಳಿಗೆ ಅವನಿಗೆ ಸಿಗುತ್ತಿರಲಿಲ್ಲ; ಅವನು ಮಾಡಲಿಲ್ಲ. ಕಿವಿಯಣ್ಣನಿಗೆ ಅದೇ ಹೆಚ್ಚು ಚುಚ್ಚಿತು. ಅವನು ಇನ್ನೊಮ್ಮೆ ಬಾನೆಟ್ಟಿನ ಕಡೆ ಬಾಗಿದ. ಕಿವಿ ಇನ್ನೂ ಗುಂಯ್‌ಗುಡುತ್ತಿತ್ತು. ಎಂಜಿನ್ ಅವನಿಗೆ ಏನನ್ನೂ ಹೇಳಲಿಲ್ಲ, ಸುಳ್ಳನ್ನು ಕೂಡ.

‘ಬಿಚ್ಚಪ್ಪ’ ಎಂದ ಮೇಸ್ತ್ರಿಗೆ. ಭಾವಮೈದನಿಗೆ, ‘ನೀನು ಟಾರ್ಚ್ ಹಿಡಿ. ಆ ಕಡೆ ಈ ಕಡೆ ಆಡಿಸ್ಬೇಡ’ ಎಂದ.

ಮೇಲಿನ ಭಾಗ ಎತ್ತಿದಾಗ ಮಸಿ ಧಾರಾಳವಾಗಿತ್ತು. ಮೇಸ್ತ್ರಿ ಸಿಲಿಂಡರಿನ ಒಳಗೋಡೆಯನ್ನು ಬಟ್ಟೆಯಿಂದ ಒರಸಿ, ಬೆರಳಾಡಿಸಿ, ಇಬ್ಬರನ್ನೂ ಹತ್ತಿರ ಕರೆದ. ಕಾರ್ಖಾನೆಯಲ್ಲಿ ಗೀರಿದ ಸಣ್ಣ ಓರೆಗೆರೆಗಳು, ಆಯಿಲ್ಲನ್ನು ಹಿಡಿದಿಡಲೆಂದು ಮಾಡಿದವು, ಅಷ್ಟು ವರ್ಷಗಳ ಮೇಲೂ ಹಾಗೇ ಕಾಣುತ್ತಿದ್ದವು. ಇಷ್ಟು ಓಡಿದ ಗಾಡಿಯಲ್ಲಿ ಸಾಮಾನ್ಯವಾಗಿ ಇವು ಸವೆದು ಗೋಡೆ ಕನ್ನಡಿಯಂತೆ ನುಣುಪಾಗಿರುತ್ತದೆ, ಈ ಗಾಡಿಯನ್ನು ಯಾರೋ ಚೆನ್ನಾಗಿ ನೋಡಿಕೊಂಡಿದ್ದಾರೆ ಎಂದು ಮೇಸ್ತ್ರಿ ಗೊಣಗಿದ. ಆಯಿಲ್ ಸೋರದಂತೆ ತಡೆಯುವ ಸೀಲುಗಳನ್ನು ಬದಲಿಸಿದರೆ ಸಾಕು, ಬೋರ್ ಕೆಲಸ ಬೇಡ. ಕಿವಿಯಣ್ಣ ಆ ಗೆರೆಗಳನ್ನು ಬಹಳ ಹೊತ್ತು ನೋಡಿದ. ಟಾರ್ಚ್ ಅಲುಗಾಡಲಿಲ್ಲ.

ಆಮೇಲೆ ಅವನು ನೆಟ್ಟಗೆ ನಿಂತು, ಬಿಚ್ಚದ ಎಂಜಿನ್ ಅಂತ ಹೇಳಿಕೊಳ್ಳುವವರು ಬೇಕಾದಷ್ಟು ಜನ ಸಿಗುತ್ತಾರೆ, ಬಿಚ್ಚಿ ತೋರಿಸುವ ಧೈರ್ಯ ಎಷ್ಟು ಜನಕ್ಕಿದೆ ಎಂದು ಗಂಟಲು ಸರಿಮಾಡಿಕೊಂಡ. ಹೊಸ ಪಲ್ಲವಿ ಸಿದ್ಧವಾಗಿತ್ತು. ಚಹಾದಂಗಡಿಯವರ ಗ್ರಹಚಾರ.

‘ಬಿಚ್ಚೋ ಧೈರ್ಯ ಬಂತಲ್ಲ ಇಬ್ರಿಗೂ, ಸಂತೋಷ’ ಎಂದಳು ಹೆಂಡತಿ, ಊಟದ ಡಬ್ಬಿಯ ಮುಚ್ಚಳ ಹಾಕುತ್ತ. ‘ಹಂಗೇ ಚರಂಡಿ ಕಲ್ಲೂ ಎತ್ತಿಬಿಡಿ. ನನ್ನ ಓಲೆ ಅಲ್ಲೇ ಇದೆ.’

ಓಲೆಯ ಸುದ್ದಿ ಇಬ್ಬರಿಗೂ ಮರೆತೇಹೋಗಿತ್ತು. ಇಷ್ಟು ದಿನ ಅವಳು ಬೋಳು ಕಿವಿಯಲ್ಲೇ ಇಬ್ಬರ ಮಾತನ್ನೂ ಕೇಳಿ ದಾಟಿಸುತ್ತಿದ್ದಳು ಎಂಬುದು ಆಗಷ್ಟೇ ಕಣ್ಣಿಗೆ ಬಿತ್ತು.

ಗಾಡಿ ಮನೆಗೆ ಬಂದ ದಿನ ಸಂಜೆ ಭಾವ, ಭಾವಮೈದ ಇಬ್ಬರೂ ಚರಂಡಿಯ ಅಂಚಿನಲ್ಲಿ ಹೊಟ್ಟೆ ಅಡಿಮಾಡಿ ಮಲಗಿದ್ದರು. ತೋಳುದ್ದದ ಕೆಸರಿನಲ್ಲಿ ಹಳೆಯ ಕಡ್ಡಿ ತುಕ್ಕು ಹಿಡಿದು ಸಿಕ್ಕಿತು. ಕಲ್ಲಿನ ಸಂದಿನಿಂದ ಜಗ್ಗಿ ಎಳೆಯುವಾಗ ಅದು ಮುರಿಯಿತು. ಅದರಾಚೆ ಏನೋ ಮಿನುಗುತ್ತಿತ್ತು, ಕೈಗೆ ಎಟುಕುತ್ತಿರಲಿಲ್ಲ. ಭಾವಮೈದ ತಲೆಯೆತ್ತಿ ಗಾಡಿಯ ಬಾನೆಟ್ಟಿನ ಕಡೆ ಒಮ್ಮೆ ನೋಡಿದ.

‘ಮುಟ್ಟಿದ್ರೆ ಕೈ ಮುರೀತೀನಿ’ ಎಂದ ಕಿವಿಯಣ್ಣ, ತಲೆಯೆತ್ತದೆಯೇ.

ಮೆಟ್ಟಿಲ ಮೇಲೆ ಕೂತಿದ್ದ ಹೆಂಡತಿ ಆ ಮಾತನ್ನು ದಾಟಿಸುವ ಗೋಜಿಗೆ ಹೋಗಲಿಲ್ಲ.