ನಂಬರ್ ಬಿದ್ದ ಹುಣಸೆಮರ

ಸ್ನೇಹಿತರೇ, ಬೆಳಿಗ್ಗೆ ಟೀ ಅರ್ಧಕ್ಕೇ ಬಿಟ್ಟು ಬಂದೆ.

ನಮ್ಮ ಅರಕಲಗೂಡು–ಹೊಳೆನರಸೀಪುರ ರಸ್ತೆ ಅಗಲವಾಗುತ್ತಿದೆ. ಎರಡು ಬಸ್ಸು ಎದುರಾದರೆ ಸ್ಕೂಟರಿನವರು ಚರಂಡಿಗೆ ಇಳಿಯಬೇಕಿತ್ತು. ಅಗಲ ಮಾಡಿ ಎಂದು ಗಲಾಟೆ ಮಾಡಿದವರಲ್ಲಿ ನಾನೂ ಒಬ್ಬ. ಇವತ್ತು ಆ ದಾರಿಯಲ್ಲಿ ಹುಣಸೆಮರದ ಕೆಳಗೆ ಟೀ ಮಾರುವ ಲಕ್ಕಮ್ಮನ ಹತ್ತಿರ ನಿಂತೆ. ಮರದ ಮೇಲೆ ಕೆಂಪು ಬಣ್ಣದ ನಂಬರ್. ಅದಕ್ಕೆ ಅರಿಶಿನ, ಕುಂಕುಮ, ಒಂದು ಮೊಳ ಸೇವಂತಿಗೆ.

“ಏನಕ್ಕಾ ಇದು?” ಅಂದೆ.

“ಗೌರ್ಮೆಂಟ್ನೋರು ಮರನ ಲೆಕ್ಕಕ್ಕೆ ತಗಂಡವ್ರೆ ಸಾ. ಇನ್ನು ಯಾರೂ ಮುಟ್ಟಂಗಿಲ್ಲ. ರೋಡಿಂದ ದೂರ ಐತೆ ಅಂತ ಇದೊಂದನ್ನ ಬುಟ್ಟು ಓಯ್ತಿದ್ರು. ನಾನೇ ಕರ್ದು, ಟೀ ಕೊಟ್ಟು ಬರೆಸ್ದೆ.”

ಕೈಯಲ್ಲಿದ್ದ ಗ್ಲಾಸು ಕೆಳಗಿಟ್ಟೆ. ಕಡಿಯುವ ಮರಗಳಿಗೆ ಮಾತ್ರ ನಂಬರ್ ಹಾಕುತ್ತಾರೆ ಎಂದು ಹೇಳಲೇಬೇಕಾಯಿತು.

ಲಕ್ಕಮ್ಮ ಗ್ಲಾಸು ಒರೆಸುವ ಒದ್ದೆ ಬಟ್ಟೆ ತಂದು ಮರವನ್ನು ಉಜ್ಜತೊಡಗಿದಳು. ಕುಂಕುಮ ಹೋಯಿತು, ನಂಬರ್ ಹೋಗಲಿಲ್ಲ.

ಹೊಸ ರಸ್ತೆ ಎಷ್ಟು ಮಳೆಗಾಲ ತಡೆಯುತ್ತದೋ ಗೊತ್ತಿಲ್ಲ. ಆ ಪೇಂಟ್ ಕೆಲಸ ಮಾತ್ರ ಬಲು ಗಟ್ಟಿಯಾಗಿದೆ.